ತೌಡು ಕುಟ್ಟಿದ ದಿನಗಳು

ತೌಡು ಕುಟ್ಟುವುದೆಂದರೆ ಕೆಲಸಕ್ಕೆ ಬಾರದ ಕೆಲಸ ಎಂದು ಎಲ್ಲರಿಗೂ ಗೊತ್ತು. ನಾನು ಅದನ್ನು ನಿಜವಾಗಿಯೂ ಮಾಡಿದವಳು. ತೌಡು ಕುದಿಸಿ, ಸೋಸಿ, ಆ ನೀರಿನಲ್ಲಿ ಒಂದು ಜಾತಿಯ ಯೀಸ್ಟ್ ಬೆಳೆಸಿದರೆ ಅದು ಮಾಗಿದ ಪಪ್ಪಾಯಿಯ ಬಣ್ಣಕ್ಕೆ ತಿರುಗುತ್ತದೆ. ಒಣಗಿಸಿ, ಒರಳಲ್ಲಿ ಕುಟ್ಟಿ, ಎಣ್ಣೆಯಲ್ಲಿ ನೆನೆಸಿದರೆ ಬಣ್ಣ ಎಣ್ಣೆಗೆ ಇಳಿಯುತ್ತದೆ.

ಬಳ್ಳಾರಿಯ ಕಾಲೇಜಿನಲ್ಲಿ ಪಾಠ ಮುಗಿದ ಮೇಲೆ ಪ್ರಯೋಗಾಲಯದಲ್ಲಿ ಇದೇ ನನ್ನ ಕೆಲಸವಾಗಿತ್ತು. ತೌಡು ತರುವವಳು ಅವ್ವ, ದೇಶನೂರಿನ ತನ್ನ ತವರಿಗೆ ಹೋದಾಗಲೆಲ್ಲ ಅಲ್ಲಿನ ಅಕ್ಕಿ ಗಿರಣಿಯಿಂದ. ಒಮ್ಮೆ ಬಸ್ಸಿನ ಕಂಡಕ್ಟರ್ ತೌಡಿನ ಚೀಲ ನೋಡಿ, "ಗಾಂಧಿನಗರದಾಗ ಎಮ್ಮಿ ಎಲ್ಲಿ ಕಟ್ಟೀರಿ ಅಮ್ಮಾ?" ಎಂದು ಕೇಳಿದನಂತೆ. ಅವ್ವನಿಗೆ ನಾಚಿಕೆ. ಗಾಂಧಿನಗರದ ನಮ್ಮ ಮನೆಗೆ ಬಂದವಳೇ ಚೀಲ ಇಳಿಸಿ, "ಇನ್ನೂ ಎಷ್ಟು ದಿನ ತೌಡು ಕುಟ್ಟಾಕಿ ನೀನು?" ಎಂದಳು. ನನಗೆ ಸಿಟ್ಟು ಬಂತು. ಸಿಟ್ಟು ನನಗೆ ಬೇಗ ಬರುತ್ತದೆ.

ಈ ಬಣ್ಣ ಬೇಕಾಗಿದ್ದುದು ಅಕ್ಕನಿಗೆ. ಕುರುಗೋಡಿನ ಮನೆಯಲ್ಲಿ ಕೊಬ್ಬರಿ ಎಣ್ಣೆಯ ಸಾಬೂನು ಮಾಡಿ, ಕೈಚೀಲದಲ್ಲಿಟ್ಟುಕೊಂಡು ಮನೆಮನೆಗೆ ಹೋಗಿ ಮಾರುವವಳು ಅವಳು. ಗಾಂಧಿನಗರದ ಅಂಗಡಿಯವರು, "ಬಿಳೀ ಸಾಬೂನು ಎಲ್ಲಾರೂ ತರ್ತಾರ. ಕೆಮಿಕಲ್ ಇಲ್ಲದ ಬಣ್ಣದ್ದು ದೀಪಾವಳಿಗೆ ತರ್ರಿ, ಕಪಾಟಿನಾಗ ಒಂದು ಸಾಲು ನಿಮಗ ಕೊಡ್ತೀನಿ" ಎಂದಿದ್ದರು. ಸಾಬೂನು ಹದಕ್ಕೆ ಬರಲು ಒಂದು ತಿಂಗಳಾದರೂ ಬೇಕು. ಅಕ್ಕ ದಿನಾ ಫೋನು ಮಾಡುತ್ತಿದ್ದಳು.

ಕೊನೆಗೂ ಬೇಕಾದಷ್ಟು ಯೀಸ್ಟ್ ಬೆಳೆಯಿತು. ಕಾಲೇಜಿನ ಒಣಗಿಸುವ ಯಂತ್ರ ಕೆಟ್ಟಿತ್ತು. ತಟ್ಟೆಗಳನ್ನು ಮನೆಗೆ ತಂದು, ಒಳಕೋಣೆಯ ಕಿಟಕಿ ಮುಚ್ಚಿ, ಫ್ಯಾನಿನ ಕೆಳಗಿಟ್ಟೆ. "ಅವ್ವಾ, ಒಣಗಾಕ ಇಟ್ಟೀನಿ, ನೋಡಿಕೊ" ಎಂದು ಹೇಳಿ ಕಾಲೇಜಿಗೆ ಹೋದೆ.

ಬಳ್ಳಾರಿಯಲ್ಲಿ ಒಣಗಿಸುವುದೆಂದರೆ ಬಿಸಿಲು. ಮೆಣಸಿನಕಾಯಿ, ಸಂಡಿಗೆ, ಹಾಸಿಗೆ, ತಲೆಗೂದಲು, ಎಲ್ಲವೂ ಮಾಳಿಗೆಯ ಮೇಲೇ. ಸಂಜೆ ಬಂದಾಗ ಅವ್ವ ಹೆಮ್ಮೆಯಿಂದ ತಟ್ಟೆ ಮುಂದಿಟ್ಟಳು. "ಫ್ಯಾನಿನ ಗಾಳಿಗೆ ಏನ್ ಒಣಗತೈತಿ? ಮ್ಯಾಲೆ ಹಾಕಿದ್ದೆ. ನೋಡು, ಹಪ್ಪಳದಂಗ ಆಗೇತಿ."

ಗರಿಗರಿಯಾಗಿತ್ತು, ನಿಜ. ಬಣ್ಣ ಮಾತ್ರ ಇರಲಿಲ್ಲ. ಈ ಬಣ್ಣಕ್ಕೆ ಬಿಸಿಲು ಆಗಿಬರುವುದಿಲ್ಲ. ತಟ್ಟೆಯಲ್ಲಿದ್ದದ್ದು ಮತ್ತೆ ತೌಡಿನ ಬಣ್ಣಕ್ಕೇ ಬಂದಿತ್ತು.

ನಾನು ಕೂಗಾಡಲಿಲ್ಲ. ಅಷ್ಟು ದುಃಖವಾಗಿತ್ತು. ಅಕ್ಕನಿಗೆ ಫೋನು ಮಾಡಿ, ಈ ಹಬ್ಬಕ್ಕೆ ಆಗುವುದಿಲ್ಲ ಎಂದೆ. ಅವಳು, "ಹೋಗ್ಲಿ ಬಿಡು, ಮನೀಮನೀಗೆ ಹೋಗಾಕ ನನ್ನ ಕೈಚೀಲ ಇನ್ನೂ ಗಟ್ಟಿ ಐತಿ" ಎಂದಳು. ಪಕ್ಕದಲ್ಲಿ ನಿಂತಿದ್ದ ಅವ್ವ ಎಲ್ಲವನ್ನೂ ಕೇಳಿಸಿಕೊಂಡಳು. ರಾತ್ರಿ ಸರಿಯಾಗಿ ಉಣ್ಣಲಿಲ್ಲ.

ಮರುದಿನ ನಾನು ಏಳುವ ಮೊದಲೇ ಅವ್ವ ಹೊರಟು ಹೋಗಿದ್ದಳು. ಮಧ್ಯಾಹ್ನ ನಾನು ಮನೆಗೆ ಬಂದಾಗ ಒಳಕೋಣೆ ಕತ್ತಲಾಗಿತ್ತು. ಕಿಟಕಿಗೆ ತನ್ನ ಕಪ್ಪು ಇಳಕಲ್ ಸೀರೆಯನ್ನು ಎರಡು ಮಡಿಕೆ ಮಾಡಿ ಕಟ್ಟಿದ್ದಳು. ಬಾಗಿಲ ಬಳಿ ದೇಶನೂರಿನ ತೌಡಿನ ಚೀಲ, ಈ ಸಲ ಎರಡು.

"ಕಂಡಕ್ಟರ್ ಮತ್ತ ಎಮ್ಮಿ ಕೇಳಿದನೇನು?" ಎಂದೆ.

"ಕೇಳಿದ. ಎರಡು ಅದಾವಪ್ಪ ಅಂದೆ" ಎಂದು ಅವ್ವ ಸೆರಗು ಸಿಕ್ಕಿಸಿಕೊಂಡಳು. "ಬಾರವ್ವಾ, ತೌಡು ಕುಟ್ಟೂಣು."