ಅವ್ವ ಆರಿಸಿದ ಪಿಸ್ತೂಲು

ನಮ್ಮ ಅವ್ವನಿಗೆ ಪಿಸ್ತೂಲಿನ ಲೈಸೆನ್ಸ್ ಸಿಕ್ಕಾಗ ಅವಳಿಗೆ ಐವತ್ತು ದಾಟಿತ್ತು. ಅಲ್ಲಿಯವರೆಗೆ ಅವಳ ಕೈ ಹಿಡಿದಿದ್ದ ಆಯುಧಗಳೆಂದರೆ ಕುಡಗೋಲು, ಕೊಡಲಿ ಮತ್ತು ದ್ರಾಕ್ಷಿ ಬಳ್ಳಿ ಸವರುವ ಕತ್ತರಿ.

ಶಿರಗುಪ್ಪಿಯ ಆಚೆ, ಕೃಷ್ಣಾ ಹೊಳೆಯ ದಂಡೆಗೆ ನಮ್ಮ ಹೊಲ. ಮೇಲಿನ ತುಂಡಿನಲ್ಲಿ ದ್ರಾಕ್ಷಿ, ಹೊಳೆಯ ಮಗ್ಗುಲಿಗೆ ಕಬ್ಬು. ಅಪ್ಪ ತೀರಿಕೊಂಡಾಗ ನಾನು ಚಿಕ್ಕೋಡಿಯಲ್ಲಿ ಓದುತ್ತಿದ್ದೆ. ಆಮೇಲೆ ರಾಯಬಾಗದ ಹೈಸ್ಕೂಲೊಂದರಲ್ಲಿ ಮಾಸ್ತರಿಕೆ ಸಿಕ್ಕಿತು. ಒಕ್ಕಲುತನವನ್ನು ಅವ್ವ ಒಬ್ಬಳೇ ನಡೆಸಿದಳು, ಚೆನ್ನಾಗಿಯೇ ನಡೆಸಿದಳು.

ಎರಡು ಸಾವಿರದ ದಶಕ ಮುಗಿಯುತ್ತ ಬಂದ ಹೊತ್ತಿಗೆ ನಮ್ಮ ದಂಡೆಗೆ ಮರಳು ತೆಗೆಯುವವರು ಬಂದರು. ಮೊದಲು ಎರಡು ಟ್ರ್ಯಾಕ್ಟರು, ಆಮೇಲೆ ಒಂದು ಜೆಸಿಬಿ. ಕೆಳಗೆ ಮರಳು ತೋಡಿದ ಹಾಗೆ ಮೇಲಿನ ದಂಡೆ ಕುಸಿಯತೊಡಗಿತು. ಒಂದು ಮಳೆಗಾಲದಲ್ಲಿ ನಮ್ಮ ಕಬ್ಬಿನ ನಾಲ್ಕು ಸಾಲು ಹೊಳೆಗೆ ಹೋದವು. ಅವ್ವ ಅಥಣಿಗೆ ಹೋಗಿ ತಹಶೀಲ್ದಾರರಿಗೆ ಅರ್ಜಿ ಕೊಟ್ಟಳು. ಎಂಟು ದಿನ ಕಳೆಯುವುದರೊಳಗೆ, ಹಾಡಹಗಲೇ, ಕಬ್ಬಿನ ನಡುವಿನ ಗಾಡಿದಾರಿಯಲ್ಲಿ ಮೋಟರ್‌ಸೈಕಲ್ ಮೇಲೆ ಬಂದ ಇಬ್ಬರು ಅವಳನ್ನು ಅಡ್ಡಗಟ್ಟಿದರು. ಒಬ್ಬ ಅವಳ ತಲೆಯ ಮೇಲಿನ ಬುತ್ತಿಯ ಬುಟ್ಟಿಯನ್ನು ಇಳಿಸಿಕೊಂಡು ಕಾಲುವೆಗೆ ಎಸೆದ. "ಮುಂದಿನ ಸಲ ಬುಟ್ಟಿ ಅಲ್ಲ, ನೀನs ಹೋಗ್ತಿ," ಎಂದು ಹೇಳಿ ಹೋದ.

ಅವ್ವ ಪೊಲೀಸರಿಗೆ ಕಂಪ್ಲೇಂಟ್ ಕೊಟ್ಟಳು. ಅದರ ಜೊತೆಗೇ ಪಿಸ್ತೂಲಿನ ಲೈಸೆನ್ಸಿಗೂ ಅರ್ಜಿ ಹಾಕಿದಳು. ಆ ವಿಚಾರ ಕೊಟ್ಟವನು ಅಂಕಲಿಯಲ್ಲಿದ್ದ ನನ್ನ ಸೋದರಮಾವ. ಮಿಲಿಟರಿಯಲ್ಲಿ ಹವಾಲ್ದಾರನಾಗಿದ್ದು ಪೆನ್ಶನ್ ಮೇಲೆ ಬಂದವನು. ವಿಚಾರಣೆ, ಡಾಕ್ಟರ ಸರ್ಟಿಫಿಕೇಟು, ಕಚೇರಿಯಿಂದ ಕಚೇರಿಗೆ ಓಡಾಟ ಎಲ್ಲ ಸೇರಿ ವರ್ಷ ಕಳೆಯಿತು. ಬೆಳಗಾವಿಯ ಕಚೇರಿಯಲ್ಲಿ ಒಬ್ಬ ಅಧಿಕಾರಿ ಕೇಳಿದ್ದರು: "ಇದೆಲ್ಲಾ ನಿಮಗ್ಯಾಕ್ರಿ ತಾಯಿ? ಮಗಳ ಮನ್ಯಾಗ ಆರಾಮ ಇರ್ರಿ."

"ನಾ ಆರಾಮ ಇದ್ರ ದಂಡಿ ಯಾರ ಕಾಯತಾರ್ರಿ?" ಎಂದಳು ಅವ್ವ.

ಲೈಸೆನ್ಸ್ ಬಂದ ಮೇಲೆ ಅವ್ವ, ಮಾವ, ನಾನು ಮೂವರೂ ಬೆಳಗಾವಿಯ ಬಂದೂಕಿನ ಅಂಗಡಿಗೆ ಹೋದೆವು. ಕೌಂಟರಿನ ಹಿಂದೆ ಕೂತಿದ್ದ ಅಂಗಡಿಯವರು ಸೋದರಮಾವನ ಮೀಸೆ ನೋಡಿ, "ಬರ್ರಿ ಸಾಹೇಬ್ರ, ಏನ ತೋರಸ್ಲಿ?" ಎಂದರು. ಮಾವ ಅವ್ವನ ಕಡೆ ಕೈ ತೋರಿಸಿದ. ಅಂಗಡಿಯವರ ಮುಖದಲ್ಲಿ ನಗು ಬಂದು ಅರ್ಧಕ್ಕೇ ನಿಂತಿತು. ಅವ್ವ ಇಳಕಲ್ ಸೀರೆಯ ಸೆರಗು ಸರಿಮಾಡಿಕೊಂಡು ಕುರ್ಚಿ ಎಳೆದು ಕೂತಳು.

ಮಾವ ಮೊದಲೇ ನಿರ್ಧಾರ ಮಾಡಿಕೊಂಡು ಬಂದಿದ್ದ. "ರಿವಾಲ್ವರ್ ತಗೋ ಅಕ್ಕಾ. ಒಂದ ಗುಂಡ ಹಾರಲಿಲ್ಲಂದ್ರ ಮತ್ತೊಮ್ಮಿ ಬೆರಳಿಲೆ ಕುದರಿ ಎಳಿ, ಮುಂದಿಂದ ಹಾರತೈತಿ. ಸಿಕ್ಕೊಳ್ಳೂದಂತ ಇಲ್ಲ."

ಅವ್ವ ರಿವಾಲ್ವರನ್ನು ಸೆರಗಿನ ಕೆಳಗೆ, ಎಡ ಸೊಂಟಕ್ಕೆ ಹಿಡಿದು ಎದ್ದು ನಿಂತಳು. ಗುಂಡು ತುಂಬುವ ದುಂಡನೆಯ ಉರುಳೆ ಸೀರೆಯ ಮೇಲೆ ಗಡ್ಡೆಯ ಹಾಗೆ ಉಬ್ಬಿತು.

"ಊರ ಮಂದಿ ನೋಡಿ ಹೊಟ್ಟ್ಯಾಗ ಗಂಟಾಗೇತಿ ಅಂತಾರ," ಎಂದು ಅದನ್ನು ವಾಪಸ್ ಇಟ್ಟಳು. "ಇದು ಇದ್ದದ್ದು ಯಾರಿಗೂ ಕಾಣಬಾರ್ದು. ಕಂಡ್ರ ಕಸಗೊಳ್ಳಾಕ ಬರ್ತಾರ, ಇಲ್ಲಾ ಜಗಳಾ ಏರಸ್ತಾರ. ಚಪ್ಪಟಿ ಇರೂದ ತೋರಸ್ರಿ."

ಅಂಗಡಿಯವರು ಬೆಳ್ಳಿಯ ಹಾಗೆ ಹೊಳೆಯುವ ಪುಟ್ಟ ಪಿಸ್ತೂಲೊಂದನ್ನು ಮಖಮಲ್ಲಿನ ಮೇಲೆ ಇಟ್ಟರು. "ಹೆಣ್ಣಮಕ್ಕಳ ಸಲುವಾಗೇ ಐತಿ ನೋಡ್ರಿ ಕಾಕೂ. ಅಂಗೈಯಾಗ ಮುಚ್ಚತೈತಿ."

ಅದು ನಿಜಕ್ಕೂ ಚಂದವಿತ್ತು. ನಾನಾಗಿದ್ದರೆ ಅದನ್ನೇ ಕೊಳ್ಳುತ್ತಿದ್ದೆ. ಅವ್ವ ಹಿಡಿದು ನೋಡಿದಳು. ಅವಳ ಎರಡು ಬೆರಳಿಗಷ್ಟೇ ಹಿಡಿಕೆ ಸಾಕಾಯಿತು. ಉಳಿದ ಬೆರಳುಗಳು ಗಾಳಿಯಲ್ಲಿ ಉಳಿದವು. ಮೇಲಿನ ಸ್ಲೈಡನ್ನು, ಅಂದರೆ ಹಿಂದಕ್ಕೆ ಎಳೆದು ಬಿಟ್ಟರೆ ಗುಂಡನ್ನು ನಳಿಗೆಗೆ ಏರಿಸುವ ಉಕ್ಕಿನ ಹೊದಿಕೆಯನ್ನು, ಎಳೆಯಲು ಹೋದರೆ ಅದು ಬಿಗಿಯಾಗಿತ್ತು.

"ಸಣ್ಣದರ ಸ್ಪ್ರಿಂಗ್ ಬಿಗಿ ಇರ್ತೈತಿ ಅಕ್ಕಾ," ಎಂದ ಮಾವ.

ಅವ್ವನ ಕೈ ಸಾಮಾನ್ಯವಾದದ್ದಲ್ಲ. ಮೂವತ್ತು ವರ್ಷ ಕತ್ತರಿ ಒತ್ತಿದ ಕೈ. ಹೇಗೋ ಎಳೆದಳು. ಅಂಗಡಿಯವರ ಹತ್ತಿರ ಮದ್ದಿಲ್ಲದ ಹುಸಿ ಗುಂಡುಗಳಿದ್ದವು. ಅವನ್ನು ತುಂಬಿಸಿ ಮತ್ತೆ ಮತ್ತೆ ಎಳೆದು ಬಿಟ್ಟಳು. ಮೂರನೆಯದು ನಳಿಗೆಯ ಬಾಯಲ್ಲೇ ಓರೆಯಾಗಿ ಸಿಕ್ಕಿಕೊಂಡಿತು. ಅಂಗಡಿಯವರು ಬಿಡಿಸಿಕೊಟ್ಟರು. ಎರಡನೆಯ ಸಲ ಐದನೆಯದು ಸಿಕ್ಕಿತು.

"ಹೊಸಾದು ಐತ್ರಿ, ಹಳತಾದ್ರ ಸಡ್ಲಾಗತೈತಿ," ಎಂದರು ಅವರು.

"ಅದು ಹಳತಾಗೂತನಕ ನಾ ಇರಬೇಕಲ್ರಿ," ಎಂದಳು ಅವ್ವ. ಮಾವ ಜೋರಾಗಿ ನಕ್ಕ. ಅಂಗಡಿಯವರೂ ನಕ್ಕರು. ಆಮೇಲೆ ಅವರ ಮಾತಿನ ಧಾಟಿಯೇ ಬದಲಾಯಿತು. ಒಳಗೆ ಹೋಗಿ ಕರಿಯ ಬಣ್ಣದ, ಅಂಚಿನಲ್ಲಿ ಬಣ್ಣ ಸವೆದ ಮತ್ತೊಂದನ್ನು ತಂದರು. ಅದು ಒಬ್ಬರು ಬಳಸಿ ಮಾರಿದ್ದ ಪಿಸ್ತೂಲು. ಉದ್ದ ನನ್ನ ಗೇಣಿಗಿಂತ ಕಡಿಮೆ, ದಪ್ಪ ಎರಡು ಬೆರಳು. ನೋಡಲು ಏನೂ ಇರಲಿಲ್ಲ.

ಅವ್ವನ ನಾಲ್ಕೂ ಬೆರಳು ಅದರ ಹಿಡಿಕೆಯ ಮೇಲೆ ಕೂತವು. ಎಂಟು ಹುಸಿ ಗುಂಡು ತುಂಬಿಸಿ ಎಳೆದಳು. ಎಂಟೂ ಸಿಕ್ಕಿಕೊಳ್ಳದೆ ಹೊರಬಿದ್ದವು. ಮತ್ತೆ ತುಂಬಿಸಿದಳು. ಕಣ್ಣು ಮುಚ್ಚಿ, ತಲೆ ಓರೆಮಾಡಿ, ಸದ್ದು ಕೇಳುತ್ತ ಎಳೆದಳು. ಕತ್ತರಿ ಕೊಳ್ಳುವಾಗಲೂ ಅವಳು ಹೀಗೇ ಕಿವಿಯ ಹತ್ತಿರ ಹಿಡಿದು ಆಡಿಸುವುದನ್ನು ನೋಡಿದ್ದೆ. ಐದು ಸಲ ಹಾಗೆ ಮಾಡಿದಳು. ಒಂದೂ ತಡೆಯಲಿಲ್ಲ.

"ಬಿಚ್ಚಿ ತೋರಸ್ರಿ," ಎಂದಳು.

ಅವರು ಬಿಚ್ಚಿ ಜೋಡಿಸಿದರು. ಅವ್ವ ಒಮ್ಮೆ ನೋಡಿದಳು, ಎರಡನೆಯ ಸಲ ತಾನೇ ಬಿಚ್ಚಿದಳು. ಜೋಡಿಸುವಾಗ ಒಂದು ಕಡೆ ತಪ್ಪಿತು. ಮಾವ ಕೈ ಹಾಕಲು ಬಂದರೆ, "ತಡಿ, ನಾನs ಮಾಡ್ತೇನಿ. ಹೊಲದಾಗ ನೀ ಇರ್ತಿ ಏನ?" ಎಂದು ಅವನ ಕೈ ಸರಿಸಿದಳು. ಮೂರನೆಯ ಸಲ ಸರಿಯಾಗಿ ಕೂರಿಸಿ ಕೌಂಟರಿನ ಮೇಲೆ ಇಟ್ಟಳು. "ಇದs ಇರ್ಲಿ."

ಮಾವನೂ ಅಂಗಡಿಯವರೂ ಒಬ್ಬರನ್ನೊಬ್ಬರು ನೋಡಿದರು. "ಮಿಲಿಟ್ರ್ಯಾಗ ಇದ್ದಾಂವ ನಾನು, ಆರಿಸಿದಾಕಿ ನೀನು," ಎಂದ ಮಾವ. ಮಕ್ಕಳಿಗೆ ವಿಜ್ಞಾನ ಕಲಿಸುವ ನಾನು ಬೆಳ್ಳಿಯ ಹೊಳಪಿಗೆ ಸೋತಿದ್ದೆ.

ಬೆಳಗಾವಿಯಲ್ಲೇ ಮಾವನ ಪರಿಚಯದವರ ಮೂಲಕ ಗುರಿ ಹೊಡೆಯುವುದನ್ನು ಕಲಿತಳು. ಮೊದಲ ದಿನ ಗುಂಡುಗಳೆಲ್ಲ ಹಲಗೆಯ ಹೊರಗೇ ಹೋದವು. ನಾಲ್ಕನೆಯ ಸಲ ಹೋದಾಗ ಎಲ್ಲ ಒಂದು ತಾಟಿನಷ್ಟು ಜಾಗದಲ್ಲಿ ಬಿದ್ದವು. ಇಟ್ಟುಕೊಳ್ಳುವ ಚೀಲವನ್ನು ಅಥಣಿಯಲ್ಲಿ ಚಪ್ಪಲಿ ಹೊಲಿಯುವ ಒಬ್ಬ ಹಿರಿಯರು ಮಾಡಿಕೊಟ್ಟರು. ಗುಂಡು ತೆಗೆದಿಟ್ಟ ಪಿಸ್ತೂಲನ್ನು ಮುಂದಿಟ್ಟು, ಬೆರಳಿಟ್ಟು ಎಳೆಯುವ ಕುದುರೆ ಪೂರ್ತಿ ಮುಚ್ಚಿರಬೇಕು, ಬಗ್ಗಿದರೆ ಬೀಳಬಾರದು, ಚರ್ಮ ಕರಕರ ಅನ್ನಬಾರದು ಎಂದು ಅವ್ವ ಹೇಳಿದಳು. ಅವರು ಚಪ್ಪಲಿಯ ಅಂಗಾಲಿಗೆ ಹಾಕುವ ಹದ ಮಾಡಿದ ಎಮ್ಮೆಯ ಚರ್ಮವನ್ನೇ ಎರಡು ಪದರ ಮಾಡಿ, ಉಗುರಿನಷ್ಟೂ ಹೊಲಿಗೆ ಕಾಣದ ಹಾಗೆ ಹೊಲಿದರು. ಅದನ್ನು ಅವ್ವ ಒಳಗೆ ನಡುಪಟ್ಟಿಗೆ ಸಿಕ್ಕಿಸಿಕೊಂಡು ಮೇಲೆ ಸೆರಗು ಹೊದೆಯುತ್ತಿದ್ದಳು. ಪಕ್ಕದಲ್ಲಿ ಕೂತರೂ ಗೊತ್ತಾಗುತ್ತಿರಲಿಲ್ಲ.

ಪಿಸ್ತೂಲು ಬಂದ ಮೇಲೆ ಅವ್ವನ ದನಿ ಇಳಿಯಿತು. ಇದು ನಾನು ಎಣಿಸದೇ ಇದ್ದ ಬದಲಾವಣೆ. ಮೊದಲು ಬದುವಿನ ಮೇಲೆ ಯಾರ ಎಮ್ಮೆ ಬಂದರೂ ಹೊಳೆಯ ಆಚೆ ದಂಡೆಗೆ ಕೇಳುವ ಹಾಗೆ ಬೈಯುತ್ತಿದ್ದವಳು, ಈಗ ಹತ್ತಿರ ಹೋಗಿ ಸಮಾಧಾನದಿಂದ ಹೇಳುತ್ತಿದ್ದಳು. ಕೇಳಿದ್ದಕ್ಕೆ, "ಇದನ್ನ ನಡಕ್ಕ ಕಟಗೊಂಡಾಕಿ ಸಿಟ್ಟಿಗೇಳಬಾರ್ದವಾ," ಎಂದಳು.

ಒಂದು ಬೇಸಿಗೆ ರಜೆಯಲ್ಲಿ ನಾನು ಊರಿಗೆ ಹೋಗಿದ್ದೆ. ಮಧ್ಯಾಹ್ನದ ಹೊತ್ತು ದಂಡೆಯಲ್ಲಿ ಮತ್ತೆ ಜೆಸಿಬಿಯ ಸದ್ದು ಕೇಳಿತು. ಅವ್ವ ಹೊರಟಳು, ಹಿಂದೆ ನಾನು. ಟ್ರ್ಯಾಕ್ಟರ್ ಇಳಿಯುವ ದಾರಿಯ ನಟ್ಟನಡುವೆ ಹೋಗಿ ಅವ್ವ ಕುಳಿತುಬಿಟ್ಟಳು. ಬುಟ್ಟಿ ಎಸೆದವನೇ ಮುಂದೆ ಬಂದ, ಜೊತೆಗೆ ಇನ್ನೂ ಮೂವರು.

"ಮಾವಶಿ, ಏಳ್ರಿ. ಗಾಡಿ ಮೈಮ್ಯಾಲ ಬಂದ್ರ ನಮ್ಮನ್ನ ಕೇಳಬ್ಯಾಡ್ರಿ."

"ನೀ ಏನ ಹೇಳೂದೈತಿ ಹೇಳಪಾ. ನಾ ತಹಶೀಲ್ದಾರ ಸಾಹೇಬ್ರ ಬರೂತನಕ ಏಳಂಗಿಲ್ಲ."

ಅವನು ಸಲಿಕೆ ಎತ್ತಿ ನೆಲಕ್ಕೆ ಬಡಿದ. ಮಣ್ಣು ಅವಳ ಮುಖಕ್ಕೆ ಸಿಡಿಯಿತು. ನನ್ನ ಕಣ್ಣು ಅವಳ ಬಲಗೈ ಮೇಲೆಯೇ ಇತ್ತು. ಅದು ಸೊಂಟದ ಕಡೆ ಹೋಗಲಿಲ್ಲ. ಎರಡೂ ಕೈಗಳನ್ನು ಎಲ್ಲರಿಗೂ ಕಾಣುವ ಹಾಗೆ ಮೊಣಕಾಲ ಮೇಲೆ ಇಟ್ಟುಕೊಂಡು, ಅವಳು ಅವನ ಮುಖವನ್ನೇ ನೋಡುತ್ತಿದ್ದಳು. ನಾನು ಅಥಣಿಯ ತಹಶೀಲ್ದಾರರ ಕಚೇರಿಗೆ ಫೋನು ಹಚ್ಚಿದೆ. ಅಷ್ಟರಲ್ಲಿ ಕಬ್ಬಿಗೆ ನೀರು ಹಾಯಿಸುತ್ತಿದ್ದ ಅಕ್ಕಪಕ್ಕದ ಹೊಲದವರು ಒಬ್ಬೊಬ್ಬರೇ ಬಂದು ಅವಳ ಹಿಂದೆ ಕೂತರು. ಹದಿನೈದು, ಇಪ್ಪತ್ತು ಮಂದಿ. ಎರಡು ತಾಸಿನ ಮೇಲೆ ಜೀಪು ಬಂತು. ಜೆಸಿಬಿ ಜಪ್ತಿಯಾಯಿತು. ಆ ವರ್ಷದಿಂದ ನಮ್ಮ ದಂಡೆಯಲ್ಲಿ ಯಾರೂ ಮರಳು ತೋಡಲಿಲ್ಲ.

ಮನೆಗೆ ಬಂದು ಮುಖ ತೊಳೆದುಕೊಳ್ಳುವಾಗ ಕೇಳಿದೆ: "ಅವ್ವಾ, ಸಲಿಕಿ ಎತ್ತಿದಾಗರೆ ತಗೀಬೇಕಾಗಿತ್ತಲ್ಲ?"

"ತಗದ್ರ ಹೊಡೀಬೇಕಾಕ್ಕೈತಿ. ಅಂವ ಮಣ್ಣ ಒಯ್ಯಾಕ ಬಂದಿದ್ದ, ಜೀವಾ ಒಯ್ಯಾಕ ಬಂದಿದ್ದಿಲ್ಲ." ಸೆರಗಿನಿಂದ ಮುಖ ಒರೆಸಿಕೊಂಡಳು. "ಜೀವಕ್ಕ ಬಂದಿದ್ರ ಅದು ಕೈ ಕೊಡತಿದ್ದಿಲ್ಲ, ನನಗ ಗೊತ್ತಿತ್ತು. ಅದಕ್ಕs ಸುಮ್ನ ಕುಂಡ್ರಾಕಾತು."

ಅದಾದ ಮೇಲೂ ಅವಳು ಅದನ್ನು ಹಲವು ವರ್ಷ ಕಟ್ಟಿಕೊಂಡಳು. ದಸರೆಯ ಖಂಡೇನವಮಿಯಲ್ಲಿ ಕತ್ತರಿ, ಕುಡಗೋಲುಗಳ ಸಾಲಿನಲ್ಲಿ ಅದಕ್ಕೂ ಕುಂಕುಮ ಹಚ್ಚುತ್ತಿದ್ದಳು. ಚುನಾವಣೆ ಬಂದಾಗ ಲೈಸೆನ್ಸಿದ್ದವರೆಲ್ಲ ಆಯುಧಗಳನ್ನು ಠಾಣೆಗೆ ಒಪ್ಪಿಸಬೇಕು. ಒಂದು ಸಲ ಕಾಗವಾಡದ ಠಾಣೆಗೆ ನಾನೂ ಜೊತೆಗೆ ಹೋಗಿದ್ದೆ. ಸಾಲಿನಲ್ಲಿ ದೊಡ್ಡ ದೊಡ್ಡ ಜಮೀನ್ದಾರರು, ಹೆಗಲ ಮೇಲೆ ಉದ್ದನೆಯ ಬಂದೂಕು. ಹೆಂಗಸು ಎಂದರೆ ಅವ್ವ ಒಬ್ಬಳೇ. ಠಾಣೆಯ ಹವಾಲ್ದಾರರು ಒಂದೊಂದನ್ನೇ ತೆರೆದು ನೋಡಿ ಬರೆದುಕೊಳ್ಳುತ್ತಿದ್ದರು. ಒಂದರ ನಳಿಗೆಯಲ್ಲಿ ಜೇಡರ ಬಲೆ ಇತ್ತು, ಇನ್ನೊಂದರ ಕುದುರೆ ತುಕ್ಕು ಹಿಡಿದು ಅಲುಗಾಡುತ್ತಲೇ ಇರಲಿಲ್ಲ. ಅವ್ವನ ಪಿಸ್ತೂಲಿನ ಸ್ಲೈಡು ಎಳೆದವರೇ ತಲೆ ಎತ್ತಿದರು.

"ಇದನ್ನ ಯಾರ ಸ್ವಚ್ಛ ಮಾಡ್ತಾರ್ರಿ, ಮಾವಶಿ?"

"ಯಾರ ಕಟಗೋತಾರ ಅವರs," ಎಂದಳು ಅವ್ವ. ರಸೀದಿ ಇಸಿದುಕೊಂಡು, ಹೆಸರು ಸರಿಯಾಗಿದೆಯೇ ಎಂದು ನನಗೆ ಓದಲು ಕೊಟ್ಟಳು.