ಅಳಿಯನ ಜೀಪು, ಅಳಿವೆಯ ದೋಣಿ

ಕಳೆದ ಭಾನುವಾರ ನಾನು ಸರ್ಕಾರಿ ಜೀಪಿನಲ್ಲಿ ಕೂತು ಗೋಡಂಬಿ ಖರೀದಿಗೆ ಹೋಗಿದ್ದೆ. ಇದನ್ನು ಬರೆಯಲು ಕೈ ಬರುತ್ತಿಲ್ಲ. ಆದರೂ ಬರೆಯಬೇಕು. (ಈ ಅಂಕಣದಲ್ಲಿ ವಾರವಾರ ಊರವರ ತಪ್ಪುಗಳನ್ನು ನಿಮ್ಮೆದುರು ಎತ್ತಿ ಆಡುವವನು ನಾನೇ ಅಲ್ಲವೆ?)

ನನ್ನ ಅಳಿಯ ಅಜಿತ ಎಂಜಿನಿಯರು. ಕರಾವಳಿಯ ಒಂದು ಸಣ್ಣ ಮೀನುಗಾರಿಕೆ ಬಂದರಿನಲ್ಲಿ ಕೆಲಸ. ಮಗಳು ಪದ್ಮಾ ಮದುವೆಯಾಗಿ ಹೋದಾಗಿನಿಂದ ‘ಬರ್ರಿ, ಬರ್ರಿ’ ಎನ್ನುತ್ತಲೇ ಇದ್ದಳು. ನನ್ನ ಅವ್ವ ಸಮುದ್ರವನ್ನೇ ನೋಡಿರಲಿಲ್ಲ. ಕೋರ್ಟಿನಲ್ಲಿ ನನ್ನ ಕೇಸುಗಳಿಗೆಲ್ಲ ಮುಂದಿನ ತಾರೀಖು ತೆಗೆದುಕೊಂಡು, ಅವ್ವನನ್ನೂ ಹೆಂಡತಿಯನ್ನೂ ಕರೆದುಕೊಂಡು ಚಿಕ್ಕೋಡಿಯಲ್ಲಿ ಬಸ್ಸು ಹತ್ತಿದೆ.

ಶನಿವಾರ ಸಂಜೆ ಅಳಿಯ ತನ್ನ ಕೆಲಸ ತೋರಿಸಿದ. ನದಿ ಸಮುದ್ರಕ್ಕೆ ಸೇರುವ ಬಾಯಿಗೆ ಅಲ್ಲಿಯವರು ಅಳಿವೆ ಎನ್ನುತ್ತಾರೆ. ನದಿ ಮರಳು ತರುತ್ತದೆ, ಸಮುದ್ರ ಅದನ್ನು ಒಳಕ್ಕೆ ನೂಕುತ್ತದೆ. ಇಬ್ಬರ ಜಗಳದಲ್ಲಿ ಬಾಯಿಗೆ ಅಡ್ಡಲಾಗಿ ಮರಳಿನ ದಿಬ್ಬ ಬೆಳೆಯುತ್ತದೆ. ಮೀನು ಹಿಡಿದು ಬಂದ ದೋಣಿಗಳು ಮನೆ ಕಾಣುವಷ್ಟು ಹತ್ತಿರ ಬಂದು ಅಲ್ಲೇ ಸಿಕ್ಕಿಬೀಳುತ್ತವೆ.

‘ಅದಕ್ಕ ಎರಡೂ ದಂಡಿಯಿಂದ ಸಮುದ್ರದೊಳಗ ಗೋಡಿ ಕಟ್ಟಾಕತ್ತೇವ್ರಿ ಮಾವಾರ,’ ಎಂದ ಅಜಿತ. ‘ನಡಬರಕ ನೀರು ಜೋರ್ ಹರೀತೈತಿ. ಹೊಳಿ ಮರಳು ತಳ್ಕೊಂಡ ಹೋಗ್ತೈತಿ. ಹೊರಗಿನ ತೆರಿ ಗೋಡಿಗೆ ಬಡದು ಸುಮ್ಮನಾಗತಾವು.’

ಗೋಡೆ ಎಂದರೆ ಇಟ್ಟಿಗೆ ಗೋಡೆಯಲ್ಲ. ಎತ್ತಿನ ಗಾಡಿಯಷ್ಟು ದೊಡ್ಡ ಬಂಡೆಗಳನ್ನು ಸಮುದ್ರಕ್ಕೆ ಸುರಿದು ಮಾಡಿದ ಉದ್ದನೆಯ ಏರಿ. ತೆಂಕಣದ್ದು ಮುಗಿದಿತ್ತು. ಬಡಗಣದ್ದು ಅರ್ಧಕ್ಕೆ ನಿಂತಿತ್ತು. ಕೆಲಸ ಮುಗಿಯುವವರೆಗೆ ಅಳಿವೆ ದಾಟುವುದು ಮೊದಲಿಗಿಂತ ಅಪಾಯ ಎಂದೂ ಅಜಿತ ಹೇಳಿದ. ಯಡೂರಿನಲ್ಲಿ ಕೃಷ್ಣೆಯ ಪಾವಟಿಗೆಯ ಮೇಲೆ ಕೂತು ನದಿ ನೋಡಿದವನು ನಾನು. ‘ಹೌದ್ರಿ, ಹೌದ್ರಿ’ ಎಂದು ತಲೆಯಾಡಿಸಿದೆ. ಅವ್ವ ಮೀನಿನ ವಾಸನೆಗೆ ಸೆರಗಿನಿಂದ ಮೂಗು ಮುಚ್ಚಿಕೊಂಡು, ನೀರನ್ನೇ ನೋಡುತ್ತ ನಿಂತಿದ್ದಳು.

ಭಾನುವಾರ ಬೆಳಿಗ್ಗೆ ನನಗೆ ಊರು ಸುತ್ತುವ ಹುಕಿ ಬಂತು. ಮನೆಯೆದುರು ಇಲಾಖೆಯ ಜೀಪು ನಿಂತಿತ್ತು.

‘ಮಾವಾರ, ಜೀಪು ಸೈಟ್‌ನ್ಯಾಗ ಇರಬೇಕ್ರಿ,’ ಎಂದ ಅಜಿತ, ನೆಲ ನೋಡುತ್ತ. ‘ಇವತ್ತ ಟಿಪ್ಪರ್ ಡ್ರೈವರ್‌ಗೋಳದೂ ಸೂಟಿ ಐತಿ. ದೋಣಿ ಬರೂ ಹೊತ್ತಿಗೆ ಏನರ ಆದ್ರ ಇದೊಂದ ಗಾಡಿ.’

‘ಅವ್ವನ ಮೊಣಕಾಲ ಬ್ಯಾನಿ ನಿಮಗ ಗೊತ್ತಿಲ್ಲೇನ್ರಿ ಅಳಿಯಂದ್ರ? ಹಿಂಗ ಹೋಗಿ ಹಂಗ ಬರ್ತೇವಿ.’

‘ನಾ ಬಸ್ಸಿಗೆ ಬರ್ತೇನೋ ತಮ್ಮಾ,’ ಎಂದಳು ಅವ್ವ. ನಾನು ಕೇಳಿಸದವನಂತೆ ಜೀಪಿನ ಬಾಗಿಲು ತೆಗೆದೆ.

ನಮ್ಮ ಕಡೆ ಅಳಿಯನಿಗೆ ಮಾವ ಇಷ್ಟು ಹೇಳಿದರೆ ಮುಗಿಯಿತು. ಅವನು ಇಲ್ಲ ಎನ್ನಲಾರ. ಅದು ನನಗೆ ಗೊತ್ತಿತ್ತು. ಗೊತ್ತಿದ್ದೇ ಕೇಳಿದೆ.

ಅಜಿತ ಸೈಟಿಗೆ ನಡೆದುಕೊಂಡು ಹೋದ. ಡ್ರೈವರು ನಮ್ಮನ್ನು ಕರೆದೊಯ್ದ. ದೇವಸ್ಥಾನ ಆಯಿತು, ಬೀಚ್ ಆಯಿತು. ಅವ್ವನ ಕಾಲು ತೆರೆಯಲ್ಲಿ ನೆನೆದು ಅವಳು ಹುಡುಗಿಯಂತೆ ನಕ್ಕಳು. ಪದ್ಮಾ ‘ಅಪ್ಪಾ, ಹೊತ್ತಾತು, ಹೊಳ್ಳಿ ಹೋಗೂಣು’ ಅಂದಳು. ನಾನು ಗೋಡಂಬಿ ಅಂಗಡಿಗೆ ನುಗ್ಗಿದೆ. ಸಣ್ಣದು, ದೊಡ್ಡದು, ಸೀಳಿದ್ದು ಎಂದು ಚೌಕಾಸಿ ನಡೆಸಿದೆ. ಹಿಂಗ ಹೋಗಿ ಹಂಗ ಬರುತ್ತೇವೆ ಎಂದವರು ತಿರುಗಿ ಬಂದಾಗ ಬಿಸಿಲು ಇಳಿದಿತ್ತು.

ಬಂದರಿನಲ್ಲಿ ಜನ ಗುಂಪಾಗಿ ನಿಂತಿದ್ದರು. ಯಾರೂ ಬೈಯಲಿಲ್ಲ. ಜೀಪನ್ನು ನೋಡಿದರು, ಆಮೇಲೆ ನಮ್ಮ ಕೈಚೀಲಗಳನ್ನು ನೋಡಿದರು.

ಆದದ್ದಿಷ್ಟು. ನೀರು ಇಳಿದ ಹೊತ್ತಿನಲ್ಲಿ ಒಂದು ದೋಣಿ ದಿಬ್ಬಕ್ಕೆ ತಾಗಿ ಓರೆಯಾಗಿತ್ತು. ಹಿಂದಿನಿಂದ ಬಂದ ತೆರೆ ಅದನ್ನು ಎತ್ತಿ ಗೋಡೆಯ ಬಂಡೆಗೆ ಬಡಿದಿತ್ತು. ಮೂವರು ಈಜಿ ಬಂದರು. ಗಣಪತಿ ಎಂಬ ಮೀನುಗಾರನ ಕಾಲು ದೋಣಿಗೂ ಬಂಡೆಗೂ ನಡುವೆ ಸಿಕ್ಕಿ ಜಜ್ಜಿಹೋಯಿತು. ಐಸ್ ಸಾಗಿಸುವ ಕೈಗಾಡಿಯಲ್ಲಿ ಅವನನ್ನು ಮಲಗಿಸಿ, ಅಜಿತ ಮತ್ತು ಇತರರು ಮರಳಿನಲ್ಲಿ ನೂಕುತ್ತ ಮೇನ್ ರೋಡ್ ಮುಟ್ಟಿಸಿದರು. ಅಲ್ಲಿ ಲಾರಿಗೆ ಕಾದರು. ಎಷ್ಟು ಹೊತ್ತು ಕಾದರೆಂದು ಕೇಳುವ ಧೈರ್ಯ ನನಗಾಗಲಿಲ್ಲ.

ರಾತ್ರಿ ಊಟಕ್ಕೆ ಯಾರೂ ಏಳಲಿಲ್ಲ. ಬೆಳಿಗ್ಗೆ ಮೇಲಿನ ಸಾಹೇಬರು ವಿಚಾರಣೆಗೆ ಬರುವವರಿದ್ದರು. ನನ್ನೊಳಗಿನ ವಕೀಲ ಆಗ ಎದ್ದ. (ಅವನು ಇಂಥ ಹೊತ್ತಿನಲ್ಲಿ ತಪ್ಪದೇ ಏಳುತ್ತಾನೆ.)

‘ಜೀಪು ಡೀಸೆಲ್ ಹಾಕಸಾಕ ಹೋಗಿತ್ತು ಅಂತ ಹೇಳಿಬಿಡ್ರಿ. ಡ್ರೈವರ್‌ಗ ನಾ ತಿಳಿಸಿ ಹೇಳತೇನಿ.’

ಅಜಿತ ಮೊದಲ ಸಲ ನನ್ನ ಮುಖವನ್ನು ನೇರವಾಗಿ ನೋಡಿದ. ‘ಬ್ಯಾಡ್ರಿ ಮಾವಾರ. ಬೆಳಿಗ್ಗೆ ಇಲ್ಲಾ ಅನ್ನೂದು ನನ್ನಿಂದ ಆಗಲಿಲ್ಲ. ಈಗರ ಖರೇ ಹೇಳತೇನಿ.’

ಹಾಗೆಯೇ ಹೇಳಿದ. ಅವನ ಮೇಲೆ ಕ್ರಮ ಆಗುತ್ತದಂತೆ.

ಸೋಮವಾರ ಆಸ್ಪತ್ರೆಗೆ ಹೋದೆವು. ಗಣಪತಿಯ ಜೀವ ಉಳಿದಿತ್ತು. ಕಾಲನ್ನು ಮೊಣಕಾಲಿನ ಕೆಳಗೆ ಕತ್ತರಿಸಿದ್ದರು. ಬೇಗ ತಂದಿದ್ದರೆ ಕಾಲು ಉಳಿಯುತ್ತಿತ್ತೇ? ಡಾಕ್ಟರು ‘ಹೇಳೋಕೆ ಬರಲ್ಲ’ ಎಂದರು. ಉಳಿಯುತ್ತಿರಲಿಲ್ಲ ಎಂದು ಹೇಳಲಿ ಎಂದು ಎಷ್ಟು ಆಸೆಪಟ್ಟೆ ಗೊತ್ತೆ?

ಗಣಪತಿಯ ಹೆಂಡತಿಗೆ ನಾವು ಯಾರೆಂದು ಗೊತ್ತಿರಲಿಲ್ಲ. ಎಂಜಿನಿಯರ ಮನೆಯವರು ಎಂದಷ್ಟೇ ಯಾರೋ ಹೇಳಿದ್ದರು. ‘ಅಷ್ಟು ದೂರದ ಊರಿನವ್ರು, ನಮ್ಮನ್ನ ನೋಡೂಕೆ ಬಂದ್ರಲ್ಲ,’ ಎಂದು ಕೈಮುಗಿದಳು.

ಅವ್ವ ಈ ಸಲ ಸೆರಗಿನಿಂದ ಮೂಗು ಮುಚ್ಚಲಿಲ್ಲ. ಆ ಕೈಗಳನ್ನು ಹಿಡಿದುಕೊಂಡು, ‘ಜೀಪು ನಾವ ಒಯ್ದಿದ್ವಿ ಯವ್ವಾ,’ ಎಂದುಬಿಟ್ಟಳು. ‘ನನ್ನ ಸಲವಾಗಿ ಒಯ್ದಿದ್ರು.’

ಅವ್ವನ ಸಲುವಾಗಿ! ಬಸ್ಸಿಗೆ ಬರುತ್ತೇನೆಂದಿದ್ದ ಅವ್ವನ ಸಲುವಾಗಿ! ಆಕೆ ನನ್ನ ತಪ್ಪನ್ನು ತನ್ನ ಮೈಮೇಲೆ ಹಾಕಿಕೊಂಡಳು. ನಾನು ‘ಅಲ್ಲ, ನನ್ನ ಸಲುವಾಗಿ’ ಎನ್ನಬೇಕಿತ್ತು. ಗಣಪತಿಯ ಹೆಂಡತಿ ಮೆಲ್ಲಗೆ ಕೈ ಬಿಡಿಸಿಕೊಂಡು ಗಂಡನ ಕಡೆ ತಿರುಗಿ ಕೂತಳು.

ಊರಿಗೆ ಬರುವಾಗ ಬಸ್ಸಿನಲ್ಲಿ ಅವ್ವ ನನ್ನ ಪಕ್ಕದ ಸೀಟು ಬಿಟ್ಟು ಸೊಸೆಯ ಪಕ್ಕ ಹೋಗಿ ಕೂತಳು.

ನಿನ್ನೆ ಕೋರ್ಟಿನ ಕ್ಯಾಂಟೀನಿನಲ್ಲಿ ಗೆಳೆಯರೊಬ್ಬರು ಹೆಗಲ ಮೇಲೆ ಕೈ ಹಾಕಿದರು. ‘ವಕೀಲ್ ಸಾಹೇಬ್ರ, ಮೇ ಸೂಟಿಗೆ ನಾವೂ ಸಮುದ್ರಕ್ಕ ಹೊಂಟೇವಿ. ಅಳಿಯಂದ್ರಿಗೆ ಒಂದ ಮಾತ ಹೇಳ್ರಿ. ಗಾಡಿ ಇರ್ತೈತೆಲ್ಲ?’

‘ಅದಕ್ಕೇನ್ರಿ, ಹೇಳೂಣು!’

ಹಾಗೆಂದವನು ನಾನೇ ಎಂದು ಗೊತ್ತಾಗಿದ್ದು, ಚಹಾ ಕುಡಿದು ಮುಗಿಸಿದ ಮೇಲೆ.