ಹೆಂಗಸರ ಕೋಣೆಯ ಮೂವರು ರಕ್ಷಕರು

ಗೆಳೆಯರೇ, ಇವತ್ತು ಮಗುವಿಗೆ ಹಾಲು ಕುಡಿಸಲೆಂದು ಕುಮಟಾ ಬಸ್ ನಿಲ್ದಾಣದಲ್ಲಿ ಹೆಂಗಸರ ವಿಶ್ರಾಂತಿ ಕೋಣೆಗೆ ಹೋದೆ. ಫ್ಯಾನಿನ ಕೆಳಗಿದ್ದ ಒಂದೇ ಬೆಂಚಿನ ಮೇಲೆ ಮೂವರು ಗಂಡಸರು! ಹೆಂಗಸರ ಜಾಗಕ್ಕೆ ಯಾರ್ಯಾರೋ ನುಗ್ಗುತ್ತಿದ್ದಾರೆ ಎಂಬ ಚರ್ಚೆಯನ್ನು ಮೊಬೈಲಿನಲ್ಲಿ ನೋಡುತ್ತ ಕುದಿಯುತ್ತಿದ್ದರು. ನಾನು ಗೋಡೆಗೆ ಮುಖ ಮಾಡಿ ನಿಂತೇ ಹಾಲು ಕುಡಿಸತೊಡಗಿದೆ.

ಅಷ್ಟರಲ್ಲಿ ಮಂಗಳಮುಖಿಯೊಬ್ಬರು ಒಳಗೆ ಬಂದರು. ಒಬ್ಬಾತ ಎದ್ದು ಗದರಿದ, "ಏಯ್, ಇದು ಹೆಂಗಸ್ರ ರೂಮು! ಸಣ್ಣ ಮಗು ಅದೆ, ಹೊರಗೆ ನಡಿ!"

"ಆತು ಅಣ್ಣ, ಹೋಗ್ತೆ. ನೀವು ಎಂತಕ್ಕೆ ಇಲ್ಲಿ ಕೂತದ್ದು?"

"ನಾವಾ? ನಮ್ಮ ಬಸ್ಸು ಬರೂಕೆ ತಡ ಅದೆ."

ನನಗೆ ತಡೆಯಲಾಗಲಿಲ್ಲ. "ಅಕ್ಕ, ನೀವು ಇಲ್ಲೇ ಕೂತ್ಕಣಿ. ಅಣ್ಣ, ನೀವು ಮೂರೂ ಜನ ಏಳಿ" ಎಂದೆ.

ಮೂವರೂ ಎದ್ದು ಹೊರಗೆ ಹೋದರು. ನಾವಿಬ್ಬರೂ ಕೂತೆವು. ಬಾಗಿಲಾಚೆಯಿಂದ ಗೊಣಗಾಟ ಕೇಳಿಸಿತು: "ರಕ್ಷಣೆ ಮಾಡೂಕೂ ಬಿಡೂದಿಲ್ಲ ಮಾರಾಯ, ಈ ಹೆಂಗಸ್ರು!"